ಸ್ಯಾನ್ ಫ್ರಾನ್ಸಿಸ್ಕೋದ ಹಳೆಯ ಟ್ರಾಮ್‌ಗಳು

ಸ್ಯಾನ್ ಫ್ರಾನ್ಸಿಸ್ಕೋದ ಹಳೆಯ ಟ್ರಾಮ್‌ಗಳು : ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಇಂದಿಗೂ ಜನರನ್ನು ಹೊತ್ತು ಓಡಾಡುತ್ತಿರುವ ಹಳೆಯ ಕಾಲದ ವಿದ್ಯುತ್ ಟ್ರಾಮ್ ಬಂಡಿಗಳ ತಂಡ. ಅಮೆರಿಕನ್ನರು ಟ್ರಾಮನ್ನು ಸ್ಟ್ರೀಟ್‌ಕಾರ್ ಎನ್ನುತ್ತಾರೆ. ಈ ಬಂಡಿಗಳು ಓಡುವುದು 'ಎಫ್' ಎಂಬ ಮಾರ್ಗದಲ್ಲಿ. ಕ್ಯಾಸ್ಟ್ರೋ ಬಡಾವಣೆಯಲ್ಲಿ ಹೊರಟು, ಊರಿನ ಹೆದ್ದಾರಿಯಂತಿರುವ ಮಾರ್ಕೆಟ್ ಸ್ಟ್ರೀಟನ್ನು ಹಿಡಿದು, ದೋಣಿಗಟ್ಟೆಯ ಫೆರ್ರಿ ಬಿಲ್ಡಿಂಗ್ ಮುಟ್ಟಿ, ಅಲ್ಲಿಂದ ಕೊಲ್ಲಿಯ ದಂಡೆಗುಂಟ ಫಿಶರ್‌ಮನ್ಸ್ ವಾರ್ಫ್‌ವರೆಗೆ ಹೋಗುತ್ತವೆ. 1896ರಲ್ಲಿ ಅದೇ ಊರಿನಲ್ಲಿ ಕಟ್ಟಿದ ಪುಟ್ಟ ಬಂಡಿಯಿಂದ ಹಿಡಿದು 1952ರಲ್ಲಿ ಬಂದ ಬಂಡಿಯವರೆಗೆ, ಮಿಲಾನ್, ಮೆಲ್ಬೋರ್ನ್, ಬ್ಲ್ಯಾಕ್‌ಪೂಲ್, ಹಿರೋಷಿಮಾ ಮುಂತಾದ ಊರುಗಳಿಂದ ತಂದ ಬಂಡಿಗಳೂ ಸೇರಿ, ಈ ತಂಡದಲ್ಲಿ ಇಪ್ಪತ್ತನೆಯ ಶತಮಾನದ ಟ್ರಾಮಿನ ಚರಿತ್ರೆಯೇ ಇದೆ.

ಸ್ಯಾನ್ ಫ್ರಾನ್ಸಿಸ್ಕೋ ಎಂದೊಡನೆ ನೆನಪಾಗುವ ಕೇಬಲ್ ಕಾರ್ ಬೇರೆ, ಈ ಟ್ರಾಮ್ ಬೇರೆ. ಕೇಬಲ್ ಕಾರಿಗೆ ಸ್ವಂತ ಮೋಟಾರಿಲ್ಲ. ರಸ್ತೆಯ ಅಡಿಯಲ್ಲಿ ಎಡೆಬಿಡದೆ ಸರಿಯುತ್ತಿರುವ ಉಕ್ಕಿನ ಹಗ್ಗವನ್ನು ಇಕ್ಕಳದಲ್ಲಿ ಹಿಡಿದು ಅದು ಗುಡ್ಡ ಹತ್ತುತ್ತದೆ. ಟ್ರಾಮ್ ತಲೆಮೇಲಿನ ತಂತಿಯಿಂದ ಕರೆಂಟು ಪಡೆದು ತನ್ನದೇ ಮೋಟಾರಿನಿಂದ ಓಡುತ್ತದೆ. ಪ್ರವಾಸಿಗಳು ಎರಡನ್ನೂ ಒಂದೇ ಹೆಸರಿನಿಂದ ಕರೆದುಬಿಡುವುದುಂಟು. ಆದರೆ ಒಂದರ ಕಥೆ ಇನ್ನೊಂದರ ಕಥೆಗೆ ಹೆಣೆದುಕೊಂಡಿರುವುದು ನಿಜ. ಅದು ಮುಂದೆ ಬರುತ್ತದೆ.

ತಂತಿಯ ಜಗಳ

ಕುದುರೆ ಎಳೆಯುವ ಟ್ರಾಮ್‌ಗಳು 1860ರ ದಶಕದಲ್ಲಿ ಈ ಊರಿಗೆ ಬಂದವು. ಮರಳುದಿಬ್ಬ, ಕಡಿದಾದ ಗುಡ್ಡಗಳ ಊರಿನಲ್ಲಿ ಕುದುರೆಗಳ ಪಾಡು ಹೇಳತೀರದು. 1873ರ ಆಗಸ್ಟಿನಲ್ಲಿ ಆಂಡ್ರ್ಯೂ ಹ್ಯಾಲಿಡಿ ಕ್ಲೇ ಸ್ಟ್ರೀಟಿನ ಏರಿನಲ್ಲಿ ಮೊದಲ ಕೇಬಲ್ ಕಾರ್ ಓಡಿಸಿದ. 1892ರಲ್ಲಿ ವಿದ್ಯುತ್ ಟ್ರಾಮ್ ಬಂತು. ಕೇಬಲ್ ವ್ಯವಸ್ಥೆಗಿಂತ ಅದರ ಖರ್ಚು ಕಡಿಮೆ, ವೇಗ ಹೆಚ್ಚು. ಆದರೂ ಮಾರ್ಕೆಟ್ ಸ್ಟ್ರೀಟಿನ ಮೇಲೆ ತಂತಿ ಎಳೆಯಲು ಊರು ಒಪ್ಪಲಿಲ್ಲ. ಊರಿನ ಮುಖ್ಯ ಬೀದಿಯ ಆಕಾಶವನ್ನು ತಂತಿಯ ಬಲೆಯಿಂದ ಮುಚ್ಚಬಾರದು, ಬೇಕಿದ್ದರೆ ನೆಲದಡಿಯಲ್ಲಿ ಹಾಕಿ ಎಂಬುದು ಪ್ರಮುಖರ ವಾದವಾಗಿತ್ತು.

1902ರಲ್ಲಿ ಹೆಚ್ಚಿನ ಮಾರ್ಗಗಳನ್ನೆಲ್ಲ ಯುನೈಟೆಡ್ ರೈಲ್‌ರೋಡ್ಸ್ ಎಂಬ ಒಂದೇ ಖಾಸಗಿ ಕಂಪನಿ ನುಂಗಿತು. ನಾಲ್ಕು ವರ್ಷಕ್ಕೆ, 1906ರ ಏಪ್ರಿಲ್ 18ರ ಬೆಳಗಿನ ಜಾವ, ಭೂಕಂಪವಾಯಿತು. ಅದರ ಹಿಂದೆಯೇ ಎದ್ದ ಬೆಂಕಿ ಊರನ್ನು ಸುಟ್ಟಿತು. ಮಾರ್ಕೆಟ್ ಸ್ಟ್ರೀಟಿನ ಕೇಬಲ್ ವ್ಯವಸ್ಥೆ ಹಾಳಾಯಿತು. ಜನ ಬೂದಿಯಲ್ಲಿ ನಿಂತಿದ್ದ ಆ ದಿನಗಳಲ್ಲಿ ಕಂಪನಿಗೆ ತಲೆಮೇಲಿನ ತಂತಿಗೆ ಅನುಮತಿ ಸಿಕ್ಕಿಬಿಟ್ಟಿತು. ಬಂಡಿಗಳು ಬೇಗನೆ ಓಡಿದವು, ಊರು ಮತ್ತೆ ಕಾಲೂರಲು ಅವು ನೆರವಾದವು ಎಂಬುದನ್ನು ಯಾರೂ ಅಲ್ಲಗಳೆಯುವಂತಿಲ್ಲ. ಆದರೆ ಆ ಅನುಮತಿಯ ಹಿಂದೆ ಲಂಚವಿತ್ತು. ಕಂಪನಿಯಿಂದ ರಾಜಕೀಯ ದಲ್ಲಾಳಿ ಏಬ್ ರೂಫ್‌ಗೆ 2,00,000 ಡಾಲರ್ ಸಂದಾಯವಾದದ್ದು ಬಯಲಾಗಿ, ವರ್ಷಗಟ್ಟಲೆ ಮೊಕದ್ದಮೆಗಳು ನಡೆದವು. ರೂಫ್ ಸ್ಯಾನ್ ಕ್ವೆಂಟಿನ್ ಜೈಲು ಸೇರಿದ. ಕಂಪನಿಯ ಅಧ್ಯಕ್ಷ ಪ್ಯಾಟ್ರಿಕ್ ಕ್ಯಾಲ್ಹೂನ್ ಮೇಲಿನ ವಿಚಾರಣೆಯಲ್ಲಿ ಜೂರಿ ಒಮ್ಮತಕ್ಕೆ ಬರಲಿಲ್ಲ. ಇದರ ನಡುವೆಯೇ 1907ರಲ್ಲಿ ಟ್ರಾಮ್ ಕಾರ್ಮಿಕರ ಮುಷ್ಕರವಾಗಿ ಬೀದಿಯಲ್ಲಿ ಗುಂಡು ಹಾರಿ ಹೆಣ ಬಿದ್ದವು.

ಇಷ್ಟೆಲ್ಲ ಕಂಡ ಜನಕ್ಕೆ ಟ್ರಾಮ್ ತಮ್ಮದೇ ಆಗಬೇಕು ಅನ್ನಿಸಿದ್ದು ಸಹಜ. 1909ರ ಡಿಸೆಂಬರಿನಲ್ಲಿ ಮತದಾರರು ನಗರಸಭೆಯೇ ಸಾಲಪತ್ರ ಎತ್ತಿ ಗಿಯರಿ ಸ್ಟ್ರೀಟಿನಲ್ಲಿ ಟ್ರಾಮ್ ಕಟ್ಟಲು ಒಪ್ಪಿಗೆ ಕೊಟ್ಟರು. 1912ರ ಡಿಸೆಂಬರ್ 28ರಂದು ಮುನ್ಸಿಪಲ್ ರೈಲ್ವೆ, ಜನರ ಬಾಯಲ್ಲಿ 'ಮ್ಯೂನಿ', ಆರಂಭವಾಯಿತು. ಸುಮಾರು 50,000 ಜನ ನೆರೆದಿದ್ದರು. ಮೇಯರ್ ಜೇಮ್ಸ್ ರಾಲ್ಫ್ 5 ಸೆಂಟಿನ ಟಿಕೆಟ್ ದುಡ್ಡು ಕೊಟ್ಟು 1ನೇ ನಂಬರಿನ ಬಂಡಿ ಹತ್ತಿದ. ಅಮೆರಿಕದ ದೊಡ್ಡ ನಗರವೊಂದು ತನ್ನ ಟ್ರಾಮನ್ನು ತಾನೇ ಕಟ್ಟಿ ನಡೆಸಿದ್ದು ಅದೇ ಮೊದಲು. ಆ 1ನೇ ನಂಬರಿನ ಬಂಡಿಯನ್ನು ಕಟ್ಟಿದ್ದು ಅದೇ ಊರಿನ ಹಾಲ್ಮನ್ ಕಂಪನಿ. ನೂರು ವರ್ಷ ದಾಟಿದ ಆ ಬಂಡಿ ಈಗಲೂ ಓಡುವ ಸ್ಥಿತಿಯಲ್ಲಿದೆ.

ಮುಂದಿನ ಹದಿನೈದು ವರ್ಷ ಮ್ಯೂನಿಯ ಏಳಿಗೆಯ ಕಾಲ. 1915ರ ಪನಾಮಾ-ಪೆಸಿಫಿಕ್ ವಸ್ತುಪ್ರದರ್ಶನಕ್ಕೆ ಬರುವ ಜನಸಾಗರಕ್ಕಾಗಿ ಓಹಾಯೋ ರಾಜ್ಯದ ಜ್ಯುವೆಟ್ ಕಂಪನಿಯಿಂದ 125 ಬಂಡಿಗಳನ್ನು ತರಿಸಿತು. ಇವುಗಳ ಭಾರೀ ಮೈಕಟ್ಟನ್ನು ನೋಡಿ ಜನ ಇವಕ್ಕೆ 'ಕಬ್ಬಿಣದ ಭೂತ' ಎಂಬರ್ಥದ ಅಡ್ಡಹೆಸರಿಟ್ಟರು. 1918ರಲ್ಲಿ ಟ್ವಿನ್ ಪೀಕ್ಸ್ ಗುಡ್ಡವನ್ನು ಕೊರೆದು ಸುರಂಗ, 1928ರಲ್ಲಿ ಸನ್‌ಸೆಟ್ ಸುರಂಗ ಆಯಿತು. ಸುರಂಗದಾಚೆ ಮರಳು ಬಯಲಾಗಿದ್ದ ಪಡುವಣ ಭಾಗದಲ್ಲಿ ಮನೆಗಳೆದ್ದವು. ಮಾರ್ಕೆಟ್ ಸ್ಟ್ರೀಟಿನಲ್ಲಿ ಖಾಸಗಿ ಕಂಪನಿಯ ಎರಡು ಹಳಿ ಒಳಗೆ, ಮ್ಯೂನಿಯ ಎರಡು ಹಳಿ ಹೊರಗೆ, ಹೀಗೆ ನಾಲ್ಕು ಹಳಿಗಳು ಒಟ್ಟಿಗೆ ಸಾಗುತ್ತಿದ್ದವು. ಪ್ರತಿಸ್ಪರ್ಧಿಗಳ ಬಂಡಿಗಳು ಅಕ್ಕಪಕ್ಕದಲ್ಲಿ ಗುಡುಗುತ್ತ ಓಡುವಾಗಿನ ಆ ಸದ್ದು ಊರಿನ ಹಳಬರ ನೆನಪಿನಲ್ಲಿ ಬಹುಕಾಲ ಉಳಿದಿತ್ತು. ಖಾಸಗಿ ಕಂಪನಿ ಆಮೇಲೆ ಮಾರ್ಕೆಟ್ ಸ್ಟ್ರೀಟ್ ರೈಲ್ವೆ ಎಂಬ ಹೆಸರು ತಳೆಯಿತು, ಬಂಡಿಗಳ ಮೂತಿಗೆ ದೂರದಿಂದಲೇ ಕಾಣುವಂತೆ ಬಿಳಿ ಬಣ್ಣ ಬಳಿಯಿತು, ಕೊನೆಗೆ ಸೊರಗಿ 1944ರಲ್ಲಿ ಮ್ಯೂನಿಯಲ್ಲಿ ವಿಲೀನವಾಯಿತು.

ಪಿಸಿಸಿ ಎಂಬ ಬಂಡಿ

ಈಗಿನ ತಂಡದ ಬೆನ್ನೆಲುಬು ಪಿಸಿಸಿ ಮಾದರಿಯ ಬಂಡಿಗಳು. ಆದ್ದರಿಂದ ಅದರ ವಿಚಾರ ಸ್ವಲ್ಪ ವಿವರವಾಗಿ ಹೇಳಬೇಕು.

1920ರ ದಶಕದ ಕೊನೆಗೆ ಮೋಟಾರು ಕಾರು, ಬಸ್ಸುಗಳ ಹೊಡೆತಕ್ಕೆ ಅಮೆರಿಕದ ಟ್ರಾಮ್ ಕಂಪನಿಗಳು ತತ್ತರಿಸಿದ್ದವು. ಗಡಗಡ ಎನ್ನುವ, ಎಳೆದು ನಿಲ್ಲಿಸಿದರೆ ನಿಂತವರು ಮುಗ್ಗರಿಸುವ ಹಳೆಯ ಬಂಡಿಗಳು ಕಾರಿನ ಮುಂದೆ ನಿಲ್ಲಲಾರವೆಂದು ಎಲ್ಲರಿಗೂ ಗೊತ್ತಾಗಿತ್ತು. 1929ರಲ್ಲಿ ಕಂಪನಿಗಳ ಅಧ್ಯಕ್ಷರೇ ಸೇರಿ ಒಂದು ಸಮಿತಿ ಮಾಡಿಕೊಂಡರು. ಪ್ರೆಸಿಡೆಂಟ್ಸ್ ಕಾನ್ಫರೆನ್ಸ್ ಕಮಿಟಿ ಎಂಬ ಆ ಹೆಸರಿನ ಮೊದಲಕ್ಷರಗಳೇ ಪಿಸಿಸಿ. ಕ್ಲಾರೆನ್ಸ್ ಹರ್ಷ್‌ಫೆಲ್ಡ್ ಎಂಬ ಎಂಜಿನಿಯರನ ಕೈಗೆ ಕೆಲಸ ವಹಿಸಿದರು. ಆತ ಹಳೆಯ ಬಂಡಿಯನ್ನು ತಿದ್ದುವ ಗೋಜಿಗೆ ಹೋಗದೆ, ಬಂಡಿ ಎಷ್ಟು ಬೇಗ ವೇಗ ಹೆಚ್ಚಿಸಿದರೆ ನಿಂತವರಿಗೆ ತೊಂದರೆಯಾಗುತ್ತದೆ, ಸದ್ದು ಎಲ್ಲಿಂದ ಹುಟ್ಟುತ್ತದೆ ಎಂಬ ಮೂಲ ಪ್ರಶ್ನೆಗಳಿಂದ ಶುರುಮಾಡಿದ. ಫಲವಾಗಿ ಬಂದ ಬಂಡಿಯಲ್ಲಿ ಗಾಲಿಯ ಉಕ್ಕಿನ ನಡುವೆ ರಬ್ಬರು ಸೇರಿತ್ತು. ವೇಗ ಹತ್ತಾರು ಸಣ್ಣ ಮೆಟ್ಟಿಲುಗಳಲ್ಲಿ ಏರುತ್ತಿದ್ದುದರಿಂದ ಧಕ್ಕೆಯೇ ತಿಳಿಯುತ್ತಿರಲಿಲ್ಲ. ಹಳಿಯನ್ನೇ ಕಚ್ಚಿ ಹಿಡಿಯುವ ಅಯಸ್ಕಾಂತದ ಬ್ರೇಕು ಇತ್ತು. ಕೈಹಿಡಿಯ ಬದಲು ಕಾರಿನಲ್ಲಿದ್ದಂತೆ ಕಾಲಿನ ಪೆಡಲುಗಳಿಂದ ಓಡಿಸಬಹುದಿತ್ತು. ಮೈ ದುಂಡಗೆ, ನುಣ್ಣಗೆ ಇತ್ತು. 1936ರಲ್ಲಿ ಬ್ರೂಕ್ಲಿನ್‌ನಲ್ಲಿ ಮೊದಲು ಓಡಿದ ಈ ಮಾದರಿ ಉತ್ತರ ಅಮೆರಿಕದಲ್ಲಿ ಸುಮಾರು 5,000ದಷ್ಟು ತಯಾರಾಯಿತು. ಇದರ ಪರವಾನಗಿ ಪಡೆದೇ ಜೆಕೊಸ್ಲೊವಾಕಿಯದ ಟಾಟ್ರಾ ಕಾರ್ಖಾನೆ ತನ್ನ ಟ್ರಾಮ್‌ಗಳನ್ನು ಕಟ್ಟಿತು. ಪ್ರಾಗ್‌ನಿಂದ ಮಾಸ್ಕೋವರೆಗೆ ಅವು ಹರಡಿದವು. ನನ್ನ ಎಣಿಕೆಯಲ್ಲಿ ನಗರ ಸಾರಿಗೆಗಾಗಿ ಇಷ್ಟು ಚೆನ್ನಾಗಿ ಯೋಚಿಸಿ ಮಾಡಿದ ಬಂಡಿಗಳು ಚರಿತ್ರೆಯಲ್ಲಿ ಬಹಳಿಲ್ಲ. ಅದು ಬಂದದ್ದು ಮಾತ್ರ ಹತ್ತು ವರ್ಷ ತಡವಾಗಿ.

ಸ್ಯಾನ್ ಫ್ರಾನ್ಸಿಸ್ಕೋಗೆ ಅದು ಇನ್ನೂ ತಡವಾಗಿ ಬಂತು. ಪೇಟೆಂಟಿಗೆ ರಾಯಧನ ಕೊಡಬಾರದೆಂಬ ನಿಯಮ ನಗರದ ಸನ್ನದಿನಲ್ಲಿತ್ತು. ಹಾಗಾಗಿ 1939ರಲ್ಲಿ ತರಿಸಿದ ಐದು ಬಂಡಿಗಳು ನೋಡಲು ಪಿಸಿಸಿಯಂತಿದ್ದರೂ ಹೆಸರಿಗೆ ಪಿಸಿಸಿ ಆಗಿರಲಿಲ್ಲ. ಹಳೆಯ ಕಬ್ಬಿಣದ ಬಂಡಿಗಳಲ್ಲಿ ಕುಲುಕಾಡಿ ಬೇಸತ್ತಿದ್ದ ಜನ ಇವನ್ನು 'ಮಾಯಾ ಜಮಖಾನೆ' ಎಂದರು. 1948ರಲ್ಲಿ ಎರಡೂ ಕಡೆ ಡ್ರೈವರ್ ಕೂರುವಂಥ ಹತ್ತು ನಿಜವಾದ ಪಿಸಿಸಿಗಳು ಸೇಂಟ್ ಲೂಯಿಸ್ ಕಾರ್ ಕಂಪನಿಯಿಂದ ಬಂದವು. 1951-52ರಲ್ಲಿ ಇನ್ನೂ 25 ಬಂದವು. ಅವುಗಳಲ್ಲಿ ಕೊನೆಯದಾದ 1040ನೇ ನಂಬರಿನ ಬಂಡಿ ಉತ್ತರ ಅಮೆರಿಕದಲ್ಲಿ ತಯಾರಾದ ಕಟ್ಟಕಡೆಯ ಪಿಸಿಸಿ. ಅದನ್ನು ಹೊಸದಾಗಿ ದುರಸ್ತಿ ಮಾಡಿ ಮತ್ತೆ ಹಳಿಗಿಳಿಸಿದ್ದಾರೆ.

ಅಳಿದದ್ದು, ಉಳಿದದ್ದು

ಎರಡನೆಯ ಮಹಾಯುದ್ಧ ಮುಗಿಯುವ ಹೊತ್ತಿಗೆ ಹಳಿ, ಬಂಡಿ ಎರಡೂ ಸವೆದಿದ್ದವು. ಬಸ್ಸು ಅಗ್ಗವಾಗಿ ಕಂಡಿತು. ಟ್ರಾಮಿನಲ್ಲಿ ಡ್ರೈವರ್, ಕಂಡಕ್ಟರ್ ಇಬ್ಬರೂ ಇರಲೇಬೇಕು, ಬಸ್ಸಿಗೆ ಒಬ್ಬನೇ ಸಾಕು ಎಂಬ ಅಂದಿನ ಊರಿನ ಕಟ್ಟಳೆಯೂ ಬಸ್ಸಿನ ಕಡೆಗೇ ತಕ್ಕಡಿ ತೂಗಿತು. 1940ರ ದಶಕದ ಕೊನೆಯಲ್ಲಿ ಮಾರ್ಗದ ಮೇಲೆ ಮಾರ್ಗ ಬಸ್ಸಿಗೆ, ಟ್ರಾಲಿ ಬಸ್ಸಿಗೆ ಬದಲಾಯಿತು. ಮಾರ್ಕೆಟ್ ಸ್ಟ್ರೀಟಿನ ಹೊರ ಹಳಿಗಳನ್ನು ಕಿತ್ತರು. ಬಂಡಿಗಳನ್ನು ಗುಜರಿಗೆ ಮಾರಿದರು. ಕೆಲವು ತೋಟದ ಶೆಡ್ಡುಗಳಾದವು, ಕೆಲವು ಮನೆಗಳಾದವು.

ಉಳಿದದ್ದು ಐದೇ ಮಾರ್ಗ: ಜೆ, ಕೆ, ಎಲ್, ಎಂ, ಎನ್. ಇವು ಉಳಿದದ್ದು ಯಾರ ಪ್ರೀತಿಯಿಂದಲೂ ಅಲ್ಲ. ಟ್ವಿನ್ ಪೀಕ್ಸ್ ಮತ್ತು ಸನ್‌ಸೆಟ್ ಸುರಂಗಗಳಲ್ಲಿ, ಜೆ ಮಾರ್ಗದಲ್ಲಿ ಡೊಲೊರೆಸ್ ಪಾರ್ಕಿನ ಅಂಚಿನ ಹಳಿದಾರಿಯಲ್ಲಿ, ಬಸ್ಸು ಓಡಿಸುವುದು ಕಷ್ಟವಾಗಿತ್ತು, ಅಷ್ಟೆ. 1910, 20ರ ದಶಕದಲ್ಲಿ ನೆಲ ಅಗೆದವರ ಬೆವರು ಮೂವತ್ತು ವರ್ಷದ ಮೇಲೆ ಟ್ರಾಮನ್ನು ಕಾಯಿತು.

ಇದೇ ಹೊತ್ತಿಗೆ ಕೇಬಲ್ ಕಾರಿನ ತಲೆಯ ಮೇಲೂ ಕತ್ತಿ ತೂಗುತ್ತಿತ್ತು. 1947ರಲ್ಲಿ ಮೇಯರ್ ರೋಜರ್ ಲ್ಯಾಪ್‌ಹ್ಯಾಮ್ ಅವನ್ನು ನಿಲ್ಲಿಸಿ ಬಸ್ಸು ಬಿಡೋಣವೆಂದ. ಫ್ರೀಡೆಲ್ ಕ್ಲಸ್‌ಮನ್ ಎಂಬ ಮಹಿಳೆ ಊರಿನ ಮಹಿಳಾ ಸಂಘಗಳನ್ನೆಲ್ಲ ಒಟ್ಟುಗೂಡಿಸಿ ಸಮಿತಿ ಕಟ್ಟಿದರು. ಅದೇ ನವೆಂಬರಿನ ಮತದಾನದಲ್ಲಿ ಜನ ಕೇಬಲ್ ಕಾರಿನ ಪರ ನಿಂತರು. ಹಳೆಯ ಬಂಡಿಯನ್ನು ಊರಿನ ಆಸ್ತಿಯೆಂದು ತಿಳಿಯುವ ಬುದ್ಧಿ ಸ್ಯಾನ್ ಫ್ರಾನ್ಸಿಸ್ಕೋಗೆ ಬಂದದ್ದು ಈ ಹೋರಾಟದಿಂದ. 1964ರಲ್ಲಿ ಕೇಬಲ್ ಕಾರುಗಳಿಗೆ ರಾಷ್ಟ್ರೀಯ ಸ್ಮಾರಕದ ಮನ್ನಣೆಯೂ ಸಿಕ್ಕಿತು.

ಹಳೆಯ ಟ್ರಾಮ್‌ಗಳಿಗೆ ಅಂಥ ವಕೀಲರು ಯಾರೂ ಇರಲಿಲ್ಲ. ಅವನ್ನು ಕಾಪಾಡಿದ್ದು ಡಿಪೋದ ಕೆಲಸ. 1896ರ ಪುಟ್ಟ ಬಂಡಿ 578ನ್ನೇ ನೋಡಿ. ಸ್ಯಾನ್ ಫ್ರಾನ್ಸಿಸ್ಕೋದ ಹ್ಯಾಮಂಡ್ ಕಂಪನಿ ಕಟ್ಟಿದ್ದು, ನಾಲ್ಕೇ ಗಾಲಿ, ನಡುವೆ ಮುಚ್ಚಿದ ಕೋಣೆ, ಎರಡು ತುದಿಗೆ ಬಯಲು ಜಗಲಿ. ಜನರನ್ನು ಹೊರುವ ಕಾಲ ಮುಗಿದ ಮೇಲೆ ಅದನ್ನು ಹಳಿಗೆ ಮರಳು ಹಾಕುವ ಬಂಡಿ ಮಾಡಿದ್ದರು. ಒದ್ದೆ ಹಳಿಯಲ್ಲಿ ಗಾಲಿ ಜಾರದಿರಲೆಂದು ಮರಳು ಉದುರಿಸುವುದೇ ಅದರ ಕೆಲಸ. ಆ ಕೆಲಸವಿದ್ದುದರಿಂದ ಯಾರೂ ಅದನ್ನು ಒಡೆಯಲಿಲ್ಲ. 1956ರಲ್ಲಿ ಭೂಕಂಪದ ಐವತ್ತನೆಯ ವರ್ಷದ ನೆನಪಿಗೆ ಏನಾದರೂ ಹಳೆಯದು ಬೇಕೆಂದಾಗ ಅದರ ಮೂಲರೂಪವನ್ನು ಮರಳಿ ಕೊಟ್ಟರು. 1914ರ ಕಬ್ಬಿಣದ ಬಂಡಿ 130ರ ಕಥೆಯೂ ಹೀಗೇ. 1958ರಲ್ಲಿ ಅದರ ಜೊತೆಯವೆಲ್ಲ ಮೂಲೆ ಸೇರಿದಾಗ ಇದು ಕೆಟ್ಟು ನಿಂತ ಟ್ರಾಮ್‌ಗಳನ್ನು ಎಳೆದು ತರುವ ಬಂಡಿಯಾಗಿ ವರ್ಕ್‌ಶಾಪಿನಲ್ಲಿ ಉಳಿಯಿತು. 1912ರ 1ನೇ ನಂಬರನ್ನು ಮ್ಯೂನಿಯ ಐವತ್ತನೆಯ ವರ್ಷಕ್ಕೆ, 1962ರಲ್ಲಿ, ಸಿಂಗರಿಸಿದರು.

ಬಿಳಿ ಮೂತಿಯ ಬಂಡಿಗಳಲ್ಲಿ ಈ ಊರಿನಲ್ಲಿ ಉಳಿದದ್ದು 798ನೇ ನಂಬರಿನದು. 1924ರಲ್ಲಿ ಕಂಪನಿಯ ಸ್ವಂತ ವರ್ಕ್‌ಶಾಪಿನಲ್ಲಿ ಹುಟ್ಟಿದ ಅದು, ಚಿನ್ನದ ಗಣಿಗಳ ಸೀಮೆಯ ಕೊಲಂಬಿಯಾ ಎಂಬ ಊರಿನಲ್ಲಿ ಗಾಲಿಯಿಲ್ಲದೆ ನೆಲದ ಮೇಲೆ ಕೂತಿತ್ತು. 1980ರ ದಶಕದಲ್ಲಿ ಅದನ್ನು ಹುಡುಕಿ ತಂದರು. ಸ್ವಯಂಸೇವಕರು ಬಿಡುವಿನ ವೇಳೆಯಲ್ಲಿ ಅದರ ಮರಗೆಲಸಕ್ಕೆ ವರ್ಷಗಟ್ಟಲೆ ಕೈ ಹಚ್ಚಿದರು.

ಐದು ಬೇಸಿಗೆಯ ಹಬ್ಬ

1962ರಲ್ಲಿ ಕೊಲ್ಲಿ ಸೀಮೆಯ ಮತದಾರರು ಬಾರ್ಟ್ ಎಂಬ ಹೊಸ ರೈಲಿಗೆ ಹಣ ಮಂಜೂರು ಮಾಡಿದರು. ಮಾರ್ಕೆಟ್ ಸ್ಟ್ರೀಟಿನ ಅಡಿಯಲ್ಲಿ ಎರಡಂತಸ್ತಿನ ಸುರಂಗವಾಯಿತು: ಕೆಳಗೆ ಬಾರ್ಟ್, ಮೇಲೆ ಮ್ಯೂನಿ. 1980ರ ಹೊತ್ತಿಗೆ ಐದೂ ಮಾರ್ಗಗಳ ಹೊಸ ಬಂಡಿಗಳು ನೆಲದಡಿಗೆ ಇಳಿದವು. 1982ರ ಸೆಪ್ಟೆಂಬರಿನಲ್ಲಿ ಪಿಸಿಸಿಗಳು ಕೊನೆಯ ಸುತ್ತು ಹಾಕಿದವು. ಬೀದಿಯ ಮೇಲಿನ ಹಳಿ ಖಾಲಿಯಾಯಿತು. ಅದನ್ನು ಕಿತ್ತುಹಾಕುವುದೇ ಮುಂದಿನ ಕೆಲಸವಾಗಬೇಕಿತ್ತು.

ಹಾಗಾಗಲಿಲ್ಲ. ಅದೇ ಸೆಪ್ಟೆಂಬರಿನಲ್ಲಿ ಕೇಬಲ್ ಕಾರುಗಳನ್ನೂ ನಿಲ್ಲಿಸಬೇಕಾಯಿತು. ಅವುಗಳ ಹಳಿ, ಯಂತ್ರಗಳು ಅಷ್ಟು ಹದಗೆಟ್ಟಿದ್ದವು; ಪೂರ್ತಿ ಹೊಸದಾಗಿ ಕಟ್ಟಲು 1984ರ ಜೂನ್‌ವರೆಗೆ ಹಿಡಿಯಿತು. ಕೇಬಲ್ ಕಾರಿಲ್ಲದ ಊರಿಗೆ ಪ್ರವಾಸಿಗಳು ಬರುವರೇ ಎಂದು ವ್ಯಾಪಾರಿಗಳು ಚಿಂತಿಸಿದರು. ಆಗ ನಗರದ ವಾಣಿಜ್ಯ ಸಂಘದಲ್ಲಿದ್ದ ರಿಕ್ ಲಾಬ್‌ಷರ್ ಮುಂದಿಟ್ಟ ಸಲಹೆ ಸರಳವಾಗಿತ್ತು: ಹಳಿ ಇದೆ, ತಂತಿ ಇದೆ, ಹಳೆಯ ಬಂಡಿಗಳಿವೆ, ಒಂದು ಬೇಸಿಗೆ ಓಡಿಸಿ ನೋಡೋಣ. ಮೇಯರ್ ಡಯಾನ್ ಫೈನ್‌ಸ್ಟೈನ್ ಒಪ್ಪಿದರು. 1983ರ ಜೂನಿನಲ್ಲಿ ಟ್ರಾಲಿ ಫೆಸ್ಟಿವಲ್ ಶುರುವಾಯಿತು. ಮರಳು ಬಂಡಿಯಾಗಿದ್ದ 578, ಎಳೆಯುವ ಬಂಡಿಯಾಗಿದ್ದ 130, ಮ್ಯೂನಿಯ 1, ಎಲ್ಲವೂ ಮಾರ್ಕೆಟ್ ಸ್ಟ್ರೀಟಿಗೆ ಬಂದವು. ಒಂದೇ ಬೇಸಿಗೆಗೆಂದು ಹೊರಟದ್ದು ಜನರ ಒತ್ತಾಯಕ್ಕೆ 1987ರವರೆಗೆ ಐದು ಬೇಸಿಗೆ ನಡೆಯಿತು. ಪ್ರವಾಸಿಗಳಿಗಾಗಿ ಮಾಡಿದ ಹಬ್ಬದಲ್ಲಿ ಊರಿನವರೇ ತುಂಬಿಕೊಂಡಿದ್ದರು. ಆಫೀಸಿಗೆ ಹೋಗುವವರು ಸುರಂಗದ ರೈಲು ಬಿಟ್ಟು ಇದನ್ನು ಹತ್ತುತ್ತಿದ್ದರು.

ಬೇರೆ ದೇಶದ ಬಂಡಿಗಳು ಇಲ್ಲಿಗೆ ಬಂದದ್ದರಲ್ಲಿ ಮಾರಿಸ್ ಕ್ಲೆಬೋಲ್ಟ್ ಎಂಬ ಟ್ರಾಮ್ ಪ್ರೇಮಿಯ ಹಟ ಬಹಳ ಕೆಲಸ ಮಾಡಿದೆ. ಹ್ಯಾಂಬರ್ಗ್ ನಗರ 1978ರಲ್ಲಿ ತನ್ನ ಟ್ರಾಮ್ ನಿಲ್ಲಿಸಿದಾಗ, ಅಲ್ಲಿನ 3557ನೇ ಬಂಡಿಯನ್ನು ಸಂಪಾದಿಸಿ, ಲಾರಿಯ ಮೇಲೆ ಹೇರಿಕೊಂಡು, ಸೀದಾ ಸ್ಯಾನ್ ಫ್ರಾನ್ಸಿಸ್ಕೋ ನಗರಸಭೆಯ ಬಾಗಿಲಿಗೆ ತಂದು ನಿಲ್ಲಿಸಿದ: ಊರಿಗೆ ನನ್ನ ಕಾಣಿಕೆ ಎಂದು. ಕೊಟ್ಟದ್ದನ್ನು ಬೇಡವೆನ್ನಲಾದೀತೇ? ಶೀತಲ ಸಮರದ ನಡುವೆಯೇ ಸೋವಿಯತ್ ಒಕ್ಕೂಟದ ಒರ್ಯೋಲ್ ನಗರದಿಂದ 1912ರ ಒಂದು ಪುಟ್ಟ ಬಂಡಿ ಬಂದದ್ದರ ಹಿಂದೆಯೂ ಆತನ ಓಡಾಟವಿತ್ತು. ಎಫ್ ಮಾರ್ಗ ತೆರೆಯುವುದನ್ನು ನೋಡಲು ಕ್ಲೆಬೋಲ್ಟ್ ಉಳಿಯಲಿಲ್ಲ, 1988ರಲ್ಲಿ ತೀರಿಕೊಂಡ.

ಎಫ್ ಮಾರ್ಗ

ಹಬ್ಬ ಕೊಟ್ಟ ಧೈರ್ಯದಿಂದ ನಗರ ಖಾಯಂ ಮಾರ್ಗಕ್ಕೆ ಕೈ ಹಾಕಿತು. ಮಾರ್ಕೆಟ್ ಸ್ಟ್ರೀಟಿನ ಹಳಿಗಳನ್ನು ಹೊಸದಾಗಿ ಹಾಸಬೇಕಾಯಿತು. ದಿನವಿಡೀ ಓಡಿಸಲು ಬಂಡಿಗಳೂ ಸಾಲದಾದವು. ಒಂದೊಂದೇ ಇದ್ದ ಅಪರೂಪದ ಬಂಡಿಗಳಿಂದ ಹಬ್ಬ ಮಾಡಬಹುದು, ದಿನದ ದುಡಿಮೆ ಸಾಗುವುದಿಲ್ಲ. 1940ರ ದಶಕದ 14 ಪಿಸಿಸಿಗಳನ್ನು ಫಿಲಡೆಲ್ಫಿಯಾದಿಂದ ಕೊಂಡರು. ಮ್ಯೂನಿಯವೇ ಆದ ಮೂರು ಇಬ್ಬದಿ ಪಿಸಿಸಿಗಳನ್ನು ಸೇರಿಸಿ, ಎಲ್ಲವನ್ನೂ ಬಿಚ್ಚಿ ಕಟ್ಟಿಸಿದರು. 1995ರ ಸೆಪ್ಟೆಂಬರ್ 1ರಂದು ಎಫ್ ಮಾರ್ಗ ತೆರೆಯಿತು.

ಅದು ಕೊಲ್ಲಿಯ ದಂಡೆಗೆ ಮುಟ್ಟಲು ಇನ್ನೊಂದು ಭೂಕಂಪವೇ ದಾರಿ ಮಾಡಿಕೊಟ್ಟಿತು. ಎಂಬಾರ್ಕಡೆರೋ ಎಂಬ ದಂಡೆರಸ್ತೆಯ ಮೇಲೆ ಎರಡಂತಸ್ತಿನ ಕಾಂಕ್ರೀಟ್ ಮೇಲ್ಸೇತುವೆ ನಿಂತು ಊರಿಗೂ ನೀರಿಗೂ ನಡುವೆ ಗೋಡೆಯಾಗಿತ್ತು. 1989ರ ಅಕ್ಟೋಬರ್ 17ರ ಲೋಮಾ ಪ್ರಿಯೆಟಾ ಭೂಕಂಪದಲ್ಲಿ ಅದು ಬಿರುಕುಬಿಟ್ಟಿತು. 1991ರಲ್ಲಿ ಅದನ್ನು ಕೆಡವಿದರು. ತೆರವಾದ ಜಾಗದಲ್ಲಿ ಈಚಲು ಮರಗಳ ಸಾಲಿನ ನಡುವೆ ಟ್ರಾಮ್ ಹಳಿ ಬಂತು. 2000ದ ಮಾರ್ಚ್ 4ರಿಂದ ಬಂಡಿಗಳು ಫಿಶರ್‌ಮನ್ಸ್ ವಾರ್ಫ್‌ವರೆಗೆ ಹೋಗತೊಡಗಿದವು. 1906ರ ಕಂಪ ತಂತಿಯನ್ನು ತಂದಿತ್ತು, 1989ರ ಕಂಪ ದಂಡೆಯನ್ನು ತೆರೆಯಿತು.

ದಂಡೆಗೆ ಮುಟ್ಟಿದ್ದೇ ತಡ, ಜನ ಬಂಡಿಗಳಲ್ಲಿ ಹಿಡಿಸದಾದರು. ಮಾರ್ಗ ಬೆಳೆಯುವುದನ್ನು ನಿರೀಕ್ಷಿಸಿ 1998ರಲ್ಲೇ ಮಿಲಾನ್‌ನಿಂದ ಹತ್ತು ಬಂಡಿಗಳನ್ನು ತರಿಸಿದ್ದರು. 2004ರಲ್ಲಿ ನ್ಯೂಜೆರ್ಸಿಯ ನ್ಯೂಅರ್ಕ್‌ನಿಂದ 11 ಪಿಸಿಸಿ ಕೊಂಡರು. ಈ ಹನ್ನೊಂದು ಊರೂರು ತಿರುಗಿದ ಬಂಡಿಗಳು: ಹುಟ್ಟಿದ್ದು ಮಿನಿಯಾಪೊಲಿಸ್–ಸೇಂಟ್ ಪಾಲ್ ಅವಳಿನಗರಗಳಿಗಾಗಿ, ಅಲ್ಲಿ ಟ್ರಾಮ್ ನಿಂತಾಗ ನ್ಯೂಅರ್ಕಿಗೆ ಹೋದವು, ಅಲ್ಲಿ ಅರ್ಧ ಶತಮಾನ ದುಡಿದು ಮೂರನೆಯ ಊರಿಗೆ ಬಂದವು.

2015ರಲ್ಲಿ ದಂಡೆಗುಂಟಲೇ ಓಡುವ 'ಇ' ಎಂಬ ಎರಡನೆಯ ಮಾರ್ಗವೂ ಆರಂಭವಾಯಿತು. 2020ರ ಮಾರ್ಚಿನಲ್ಲಿ ಕೋವಿಡ್ ಕಾರಣಕ್ಕೆ ಎರಡೂ ನಿಂತವು. ಎಫ್ ಮಾರ್ಗ 2021ರ ಮೇ ತಿಂಗಳಲ್ಲಿ ಮತ್ತೆ ಹೊರಟಿತು.

ಬಂಡಿಗಳು, ಬಣ್ಣಗಳು

ಎಫ್ ಮಾರ್ಗದ ಪಿಸಿಸಿಗಳಲ್ಲಿ ಒಂದರಂತೆ ಇನ್ನೊಂದಿಲ್ಲ. ಒಂದೊಂದಕ್ಕೂ ಹಿಂದೆ ಪಿಸಿಸಿ ಓಡಿಸಿದ ಒಂದೊಂದು ನಗರದ ಬಣ್ಣ ಬಳಿದಿದ್ದಾರೆ: ಬಾಸ್ಟನ್, ಷಿಕಾಗೋ, ಬಾಲ್ಟಿಮೋರ್, ಲಾಸ್ ಏಂಜಲಿಸ್, ಕಾನ್ಸಾಸ್ ಸಿಟಿ, ಡೆಟ್ರಾಯಿಟ್, ಬರ್ಮಿಂಗ್‌ಹ್ಯಾಮ್, ಟೊರೊಂಟೊ, ಮೆಕ್ಸಿಕೋ ಸಿಟಿ. ಫಿಲಡೆಲ್ಫಿಯಾದ ಬಂಡಿಗೆ ಷಿಕಾಗೋದ ಹಸಿರು ಬಳಿಯುವುದು ಚರಿತ್ರೆಗೆ ಮಾಡಿದ ಅಪಚಾರವಲ್ಲವೇ ಎಂದು ಕೇಳಬಹುದು. ನನಗೆ ಹಾಗೆ ತೋರುವುದಿಲ್ಲ. ಆ ಊರುಗಳಲ್ಲಿ ಹೆಚ್ಚಿನವು ತಮ್ಮ ಬಂಡಿಗಳನ್ನು ಸುಟ್ಟವು, ಮಾರಿದವು, ಮರೆತವು. ಅವುಗಳ ಬಣ್ಣ ಇನ್ನೂ ಬಿಸಿಲಿನಲ್ಲಿ ಓಡುತ್ತಿರುವುದು ಇಲ್ಲಿ. 1051ನೇ ಬಂಡಿ 1970ರ ದಶಕದ ಮ್ಯೂನಿಯ ಹಸಿರು-ಕೆನೆ ಬಣ್ಣದಲ್ಲಿದೆ. ಕ್ಯಾಸ್ಟ್ರೋ ಬಡಾವಣೆಯಿಂದ ಆರಿಸಿ ಬಂದು 1978ರಲ್ಲಿ ಕೊಲೆಯಾದ ನಗರಸಭಾ ಸದಸ್ಯ ಹಾರ್ವೆ ಮಿಲ್ಕ್ ನೆನಪಿಗೆ ಅದನ್ನು ಅರ್ಪಿಸಿದ್ದಾರೆ.

ಮಿಲಾನ್ ಬಂಡಿಗಳ ಮೂಲವೂ ಅಮೆರಿಕವೇ. ಕ್ಲೀವ್‌ಲ್ಯಾಂಡ್ ನಗರದ ಟ್ರಾಮ್ ಅಧಿಕಾರಿ ಪೀಟರ್ ವಿಟ್ ರೂಪಿಸಿದ, ಮುಂದೆ ಹತ್ತಿ ನಡುವೆ ಇಳಿಯುವ ವಿನ್ಯಾಸವನ್ನು ಇಟಲಿಯವರು 1928ರಲ್ಲಿ ಎತ್ತಿಕೊಂಡು 502 ಬಂಡಿ ಕಟ್ಟಿದರು. ಅಮೆರಿಕದಲ್ಲಿ ಆ ಮಾದರಿ ಬೀದಿಯಿಂದ ಮರೆಯಾಯಿತು. ಮಿಲಾನ್‌ನಲ್ಲಿ ಇಂದಿಗೂ ಓಡುತ್ತದೆ. ಮರದ ಉದ್ದನೆಯ ಬೆಂಚು, ಹಳದಿ ದೀಪ, ತಿರುವಿನಲ್ಲಿ ಗಾಲಿಯ ಕಿರುಚಾಟ ಎಲ್ಲವೂ ಹಾಗೇ ಇವೆ. ಮೆಲ್ಬೋರ್ನಿನ ಬಂಡಿಗಳು ಗಟ್ಟಿಮುಟ್ಟಾದ ಮರಗೆಲಸಕ್ಕೆ ಹೆಸರಾದವು. ಇಂಗ್ಲೆಂಡಿನ ಬ್ಲ್ಯಾಕ್‌ಪೂಲ್ ಕಡಲತೀರಕ್ಕಾಗಿ 1934ರಲ್ಲಿ ಕಟ್ಟಿದ ದೋಣಿಯಾಕಾರದ ಬಂಡಿಗೆ ಚಾವಣಿಯೇ ಇಲ್ಲ. ಅಂಥವು ಆದದ್ದೇ ಹನ್ನೆರಡು, ಅದರಲ್ಲಿ ಎರಡು ಇಲ್ಲಿವೆ. ಬಿಸಿಲಿರುವ ದಿನ ಅದು ಹೊರಬಿದ್ದರೆ ರಸ್ತೆಯಲ್ಲಿ ಹೋಗುವವರೆಲ್ಲ ಕೈಬೀಸುತ್ತಾರೆ.

ಜಪಾನಿನಿಂದ ಬಂದ ಬಂಡಿಯ ನಂಬರೂ 578. ಊರಿನ 1896ರ ಬಂಡಿಯ ನಂಬರೂ ಅದೇ. ಗೊಂದಲವಾಗದಿರಲೆಂದು ಲೆಕ್ಕದಲ್ಲಿ ಒಂದಕ್ಕೆ ಎಸ್, ಇನ್ನೊಂದಕ್ಕೆ ಜೆ ಸೇರಿಸುತ್ತಾರೆ. ಜಪಾನಿನ 578 ಮೊದಲು ಕೋಬೆಯಲ್ಲಿ ಓಡಿ, 1971ರಲ್ಲಿ ಅಲ್ಲಿ ಟ್ರಾಮ್ ನಿಂತ ಮೇಲೆ ಹಿರೋಷಿಮಾಕ್ಕೆ ಹೋಗಿತ್ತು. ನ್ಯೂ ಆರ್ಲಿಯನ್ಸ್‌ನಿಂದ ಬಂದ 1923ರ 952ನೇ ಬಂಡಿ, ಟೆನೆಸ್ಸೀ ವಿಲಿಯಮ್ಸ್ ತನ್ನ ನಾಟಕಕ್ಕೆ ಹೆಸರು ಪಡೆದ 'ಡಿಸೈರ್' ಮಾರ್ಗದ ಬಂಡಿಗಳ ಜಾತಿಯದು. ಅದರ ಹಣೆಯ ಮೇಲೆ ಆ ಹೆಸರಿನ ಫಲಕ ಕಾಣಬಹುದು.

ನಿರ್ವಹಣೆ

ಬಂಡಿಗಳ ಒಡೆತನ, ಓಡಾಟ ಎರಡೂ ನಗರದ ಸಾರಿಗೆ ಸಂಸ್ಥೆಯದು. ಹಳೆಯ ಖಾಸಗಿ ಕಂಪನಿಯ ಹೆಸರನ್ನೇ ಇಟ್ಟುಕೊಂಡ ಮಾರ್ಕೆಟ್ ಸ್ಟ್ರೀಟ್ ರೈಲ್ವೆ ಎಂಬ ಲಾಭರಹಿತ ಸಂಘ, 1976ರಲ್ಲಿ ಹುಟ್ಟಿದ್ದು, ಬಂಡಿಗಳನ್ನು ಹುಡುಕುವ, ಹಣ ಕೂಡಿಸುವ, ಚರಿತ್ರೆ ಬರೆಯುವ ಕೆಲಸ ಮಾಡುತ್ತದೆ. 1958ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯದ ಮ್ಯೂಸಿಯಂ ಸೇರಿದ್ದ ಕಬ್ಬಿಣದ ಬಂಡಿ 162ನ್ನು 2003ರಲ್ಲಿ ಮರಳಿ ಊರಿಗೆ ತಂದದ್ದು ಈ ಸಂಘದ ಸಾಧನೆಗಳಲ್ಲಿ ದೊಡ್ಡದು. ಮ್ಯೂಸಿಯಂನಲ್ಲಿದ್ದ ವಸ್ತು ಹೊರಬಂದು ಮತ್ತೆ ಜನರನ್ನು ಹೊತ್ತ ಉದಾಹರಣೆ ಬಹಳ ಸಿಗುವುದಿಲ್ಲ.

ಕೆಲಸ ಸುಲಭದ್ದಲ್ಲ. ಎಂಬತ್ತು ವರ್ಷ ಹಿಂದಿನ ಮೋಟಾರಿನ ಬಿಡಿಭಾಗ ಅಂಗಡಿಯಲ್ಲಿ ಸಿಗುವುದಿಲ್ಲ. ಒಂದೋ ಬೇರೆ ಬಂಡಿಯಿಂದ ಬಿಚ್ಚಬೇಕು, ಇಲ್ಲವೇ ಅಚ್ಚು ಹಾಕಿ ಎರೆಯಬೇಕು. ಕಬ್ಬಿಣದ ಬಂಡಿಗೆ ಕೈಹಿಡಿ ಮತ್ತು ಗಾಳಿಯ ಬ್ರೇಕು, ಪಿಸಿಸಿಗೆ ಪೆಡಲು, ಮಿಲಾನಿಗೆ ಮತ್ತೊಂದು ಬಗೆ. ಡ್ರೈವರುಗಳು ಒಂದೊಂದನ್ನೂ ಕಲಿಯಬೇಕು. ಗಾಲಿಕುರ್ಚಿಯವರು ಮೆಟ್ಟಿಲು ಹತ್ತಲಾರರೆಂದು ನಿಲ್ದಾಣಗಳಲ್ಲಿ ಎತ್ತರದ ಕಟ್ಟೆ, ಇಳಿಜಾರು ಕಟ್ಟಿದ್ದಾರೆ. ಕೆಲವು ಅಮೂಲ್ಯ ಬಂಡಿಗಳು ಬಿಸಿಲು ಮಳೆಗೆ ನೆನೆಯುತ್ತ ವರ್ಷಗಟ್ಟಲೆ ಸರದಿ ಕಾದದ್ದೂ ಉಂಟು. ಅದು ಈ ವ್ಯವಸ್ಥೆಯ ದೊಡ್ಡ ಕೊರತೆ.

ಸ್ಯಾನ್ ಫ್ರಾನ್ಸಿಸ್ಕೋವನ್ನು ನೋಡಿ ಬೇರೆ ಊರುಗಳೂ ಪಿಸಿಸಿಯನ್ನು ಬೀದಿಗೆ ತಂದವು: ವಿಸ್ಕಾನ್ಸಿನ್ನಿನ ಕೆನೋಶಾ 2000ದಲ್ಲಿ, ಟೆಕ್ಸಾಸಿನ ಎಲ್ ಪ್ಯಾಸೊ 2018ರಲ್ಲಿ. ಭಾರತದಲ್ಲಿ ಮೊದಲ ವಿದ್ಯುತ್ ಟ್ರಾಮ್ ಓಡಿಸಿದ ಮದರಾಸು (1895) ಅದನ್ನು 1953ರಲ್ಲಿ ನಿಲ್ಲಿಸಿತು, ಮುಂಬಯಿ 1964ರಲ್ಲಿ. ಬಹುಕಾಲ ಉಳಿಸಿಕೊಂಡ ಕೋಲ್ಕತ್ತದಲ್ಲಿ ಕೂಡ, 2024ರಲ್ಲಿ, ಒಂದು ಪಾರಂಪರಿಕ ಮಾರ್ಗದ ಹೊರತು ಉಳಿದವನ್ನು ನಿಲ್ಲಿಸುವ ಮಾತು ಸರ್ಕಾರದಿಂದ ಬಂತು. ಪ್ರವಾಸಿಗಳಿಗೆಂದು ಒಂದು ತುಂಡು ಹಳಿ ಉಳಿಸಿದರೆ ಸಾಲದು, ಊರಿನವರು ಕೆಲಸಕ್ಕೆ ಹೋಗಲು ಹತ್ತುವಂತಿದ್ದರೆ ಮಾತ್ರ ಹಳೆಯ ಬಂಡಿ ಬದುಕುತ್ತದೆ ಎಂಬುದನ್ನು ಆ ಚರ್ಚೆ ಮಾಡುವವರು ಎಫ್ ಮಾರ್ಗದಿಂದ ಕಲಿಯಬಹುದು.

ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿ ಸೀಮೆಯಲ್ಲಿ ಕನ್ನಡಿಗರು ದೊಡ್ಡ ಸಂಖ್ಯೆಯಲ್ಲಿದ್ದಾರೆ. ಮಕ್ಕಳ ಮನೆಗೆಂದು ಅಲ್ಲಿಗೆ ಹೋಗಿಬರುವ ಹಿರಿಯರೂ ಬಹಳ. ಕೇಬಲ್ ಕಾರಿನ ಟಿಕೆಟ್ ದುಬಾರಿ, ಸಾಲೂ ಉದ್ದ. ಎಫ್ ಮಾರ್ಗದ ಬಂಡಿಗೆ ಊರಿನ ಬಸ್ಸಿನ ದರವೇ ಸಾಕು. ಫೆರ್ರಿ ಬಿಲ್ಡಿಂಗ್ ಎದುರಿಗೆ, ಸ್ಟುವರ್ಟ್ ಸ್ಟ್ರೀಟ್ ನಿಲ್ದಾಣದ ಪಕ್ಕದಲ್ಲಿ, 2006ರಲ್ಲಿ ತೆರೆದ ಪುಟ್ಟ ರೈಲ್ವೆ ಮ್ಯೂಸಿಯಂ ಇದೆ. ಅದನ್ನು ನೋಡಿಕೊಂಡು ಅಲ್ಲೇ ಬಂಡಿ ಹತ್ತಬಹುದು. ಒಳಗೆ ಕೂತ ಮೇಲೆ ತಲೆ ಎತ್ತಿ ನೋಡಿ: ಪ್ರತಿ ಪಿಸಿಸಿ ಬಂಡಿಯಲ್ಲೂ ಅದು ಯಾವ ಊರಿನ ಬಣ್ಣ ತೊಟ್ಟಿದೆ, ಆ ಊರಿನ ಟ್ರಾಮ್ ಏನಾಯಿತು ಎಂದು ತಿಳಿಸುವ ಫಲಕವಿರುತ್ತದೆ.